ಐದು ಚಮಚ ಸಕ್ಕರೆ ನೀರು

ಕೆ.ಆರ್. ಪೇಟೆ ತಾಲ್ಲೂಕಿನ ಮಾಕವಳ್ಳಿಯಲ್ಲಿ ಸಕ್ಕರೆ ಕಾರ್ಖಾನೆ ಇದೆ. ಸುತ್ತಲ ಊರುಗಳ ಕಬ್ಬು ಅಲ್ಲಿಗೆ ಹೋಗುತ್ತೆ. ಕಬ್ಬು ಕಡಿಯೋ, ಹೊರೆ ಹೊರೋ ಕೂಲಿಯ ಬದುಕು ಎಂಥದ್ದು ಅಂತ ಕೇರಿಯಿಂದ ಬಂದ ನಿಮಗೆ ನಾವು ಹೇಳಬೇಕಾಗಿಲ್ಲ. ಇಂಥ ಊರಿನ ಕೂಲಿಯವನಿಗೆ ಸುಸ್ತು, ಮೈಕೈ ನೋವು ಬಂದರೆ ಏನಂತಾನೆ? "ಒಂದು ಬಾಟ್ಲು ಗ್ಲೂಕೋಸ್ ಹಾಕ್ಬುಡಿ ಸಾ, ನಾಳೆ ಕೆಲ್ಸಕ್ಕೋಗ್ಬೇಕು" ಅಂತಾನೆ. ಹಾಕುವವನು ಹಾಕಿಬಿಡುತ್ತಾನೆ. ಅದಕ್ಕೆ ಬಿ ಕಾಂಪ್ಲೆಕ್ಸ್ ಬೆರೆಸಿದರೆ ನೀರು ಹಳದಿಯಾಗುತ್ತೆ. ಹಳದಿ ಬಾಟಲಿಯ ಮೇಲೆ ನಂಬಿಕೆ ಇನ್ನೂ ಜಾಸ್ತಿ.

ಆ ಬಾಟಲಿಯಲ್ಲಿ ಏನಿದೆ ಅಂತ ಲೆಕ್ಕ ಹಾಕೋಣ. ಶೇಕಡಾ 5ರ ಗ್ಲೂಕೋಸ್, 500 ಮಿಲಿ ಲೀಟರ್. ಅಂದರೆ 25 ಗ್ರಾಂ. ಟೀಗೆ ಹಾಕುವ ಸಣ್ಣ ಚಮಚದಲ್ಲಿ ಐದು ಚಮಚ ಸಕ್ಕರೆಯಷ್ಟು! ಲೋಡುಗಟ್ಟಲೆ ಕಬ್ಬು ಹೊತ್ತವನು ಐದು ಚಮಚ ಸಕ್ಕರೆ ನೀರಿಗೆ ತನ್ನ ಕೂಲಿ ಸುರಿದು ಬರುತ್ತಾನೆ. ಹಳದಿ ಬಣ್ಣದ ವಿಟಮಿನ್ನು ಮೈಗೆ ಬೇಕಾದಷ್ಟು ಉಳಿದು ಮಿಕ್ಕಿದ್ದು ಉಚ್ಚೆಯಲ್ಲಿ ಹೋಗುತ್ತೆ. ವಾಂತಿ ಭೇದಿಯಾಗಿ ಮೈಯಲ್ಲಿ ನೀರು ಬತ್ತಿದವನಿಗೆ ಬಾಟಲಿ ಜೀವ ಉಳಿಸುತ್ತೆ, ಅದು ನಿಜ. ಆದರೆ ಸುಸ್ತಿನ ಹಿಂದೆ ಕ್ಷಯವೋ, ಸಕ್ಕರೆ ಕಾಯಿಲೆಯೋ, ರಕ್ತಹೀನತೆಯೋ ಕೂತಿದ್ದರೆ ಬಾಟಲಿ ಅದನ್ನು ಮುಚ್ಚಿಡುತ್ತೆ ಅಷ್ಟೆ. ರೋಗ ಒಳಗೇ ಬೆಳೆಯುತ್ತೆ.

ಜನ ದಡ್ಡರು ಅಂತ ಬೈಯುವವರ ಜೊತೆ ನಾವಿಲ್ಲ. ದೊಡ್ಡಾಸ್ಪತ್ರೆಯಲ್ಲಿ ಒಂದು ದಿನ ಸರದಿ ನಿಂತರೆ ಒಂದು ದಿನದ ಕೂಲಿ ಹೋಯ್ತು. ಅಲ್ಲಿ ಗದರುವವರುಂಟು, ಮುಖ ನೋಡಿ ಮಣೆ ಹಾಕುವವರುಂಟು. ಬಾಟಲಿ ಹಾಕುವವನು ಕೈ ಹಿಡಿದು ನೋಡುತ್ತಾನೆ, ಸಾಲ ಕೊಡುತ್ತಾನೆ. ಜನ ಅಲ್ಲಿಗೆ ಹೋಗುವುದಕ್ಕೆ ಕಾರಣ ಇದು. ಆದರೆ ಕಾರಣ ಗೊತ್ತಾದ ಮಾತ್ರಕ್ಕೆ ಕಾಯಿಲೆ ವಾಸಿಯಾಗಲ್ಲ.

ಹಾಗಾದರೆ ವಿಟಮಿನ್ ಎಲ್ಲಾ ಮೋಸವೇ? ಅಲ್ಲ. ಮಾತ್ರೆಯ ಹಿಂದೆ ಒಂದು ಚರಿತ್ರೆ ಇದೆ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲೆಂಡಿನ ಡಾಕ್ಟರಮ್ಮ ಬೊಂಬಾಯಿಗೆ ಬಂದರು. ಬಟ್ಟೆ ಗಿರಣಿಗಳ ಬಡ ಹೆಂಗಸರು ಬಸುರಿನಲ್ಲಿ ರಕ್ತ ಬತ್ತಿ ಸಾಯುತ್ತಿದ್ದರು. ಅವರು ಏನು ತಿನ್ನುತ್ತಾರೆ ಅಂತ ನೋಡಿ, ಯೀಸ್ಟಿನಿಂದ ಮಾಡಿದ ಅಗ್ಗದ ತಿನಿಸೊಂದನ್ನು ಕೊಟ್ಟು ಗುಣಪಡಿಸಿ, 1931ರಲ್ಲಿ ಲೋಕಕ್ಕೆ ತಿಳಿಸಿದರು. ಅದರೊಳಗಿದ್ದ ಸತ್ವವೇ ಮುಂದೆ ಫೋಲಿಕ್ ಆಮ್ಲ ಎನಿಸಿತು. ಕೂಲಿ ಹೆಂಗಸರ ಮೈಯಿಂದ ಲೋಕ ಕಲಿತ ವಿದ್ಯೆ ಅದು.

ಅದೇ ಫೋಲಿಕ್ ಆಮ್ಲ ಕಬ್ಬಿಣದ ಜೊತೆ ಸೇರಿ ಇವತ್ತು ನೀಲಿ ಮಾತ್ರೆಯಾಗಿ 10ರಿಂದ 19 ವರ್ಷದವರಿಗೆ ವಾರಕ್ಕೊಂದರಂತೆ ಪುಕ್ಕಟೆ ಸಿಗುತ್ತೆ. ನಾವು ಅದನ್ನೇನು ಮಾಡ್ತೀವಿ? ಹಾಸ್ಟೆಲ್ ಹಿಂದಕ್ಕೆ ಎಸೀತೀವಿ! ಪುಕ್ಕಟೆಯದಲ್ವಾ, ಕೆಲಸಕ್ಕೆ ಬಾರದ್ದು ಅಂತ. ಆಮೇಲೆ ದುಡ್ಡು ಕೂಡಿಸಿ ಟಾನಿಕ್ಕು, ಶಕ್ತಿ ಪುಡಿ ತರ್ತೀವಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡಾ 47.8 ಮಂದಿಗೆ ರಕ್ತಹೀನತೆ. ಇಬ್ಬರಲ್ಲಿ ಒಬ್ಬರು ಅಂದ ಹಾಗೆ. ನಮ್ಮ ಅವ್ವಂದಿರು, ತಂಗಿಯರು ಇದರಲ್ಲಿ ಇಲ್ಲವೇ?

ಮಾತ್ರೆ ನುಂಗಿದರೆ ಹೊಟ್ಟೆ ತೊಳಸುತ್ತೆ ಅಂತೀರಿ. ಊಟವಾದ ಮೇಲೆ ನುಂಗಿ. ಟೀ ಜೊತೆ ಬೇಡ, ಟೀ ಕಬ್ಬಿಣವನ್ನು ಮೈಗೆ ಹತ್ತಗೊಡಲ್ಲ. ನಿಂಬೆಹಣ್ಣಿನ ಹುಳಿ ಹತ್ತಿಸುತ್ತೆ. ಮಲ ಕಪ್ಪಗಾದರೆ ಹೆದರಬೇಡಿ, ಅದು ಕಬ್ಬಿಣದ ಬಣ್ಣ.

ಇನ್ನು ಮುಖ್ಯ ಮಾತು. ವಿಟಮಿನ್ ಔಷಧಿಯ ಜೊತೆಗೆ ಬರಬೇಕು, ಔಷಧಿಯ ಜಾಗಕ್ಕೆ ಬರಬಾರದು. ಕ್ಷಯದ ಮಾತ್ರೆ ತಿಂದು ಎರಡು ತಿಂಗಳಿಗೆ ಕೆಮ್ಮು ನಿಲ್ಲುತ್ತೆ. "ಇನ್ಯಾಕೆ, ಟಾನಿಕ್ ಸಾಕು" ಅಂತ ಬಿಟ್ಟರೆ ಔಷಧಿಗೆ ಬಗ್ಗದ ಕ್ಷಯವಾಗಿ ಅದು ತಿರುಗಿ ಬರಬಹುದು. ಕ್ಷಯಕ್ಕೆ ಕೊಡುವ ಐಸೋನಿಯಜಿಡ್ ಮೈಯೊಳಗಿನ ಬಿ6 ವಿಟಮಿನ್ನನ್ನು ಕೆಡಿಸಿ ಕೈಕಾಲು ಜೋಮು ಹಿಡಿಸಬಹುದು. ಅದಕ್ಕೇ ಡಾಕ್ಟರು ಬಿ6 ಮಾತ್ರೆಯನ್ನೂ ಸೇರಿಸಿ ಬರೆಯುತ್ತಾರೆ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗಿದವರಲ್ಲಿ ಕೆಲವರಿಗೆ ಬಿ12 ಇಳಿಯುತ್ತೆ. ಥೈರಾಯ್ಡ್ ಮಾತ್ರೆಯ ಜೊತೆಯಲ್ಲೇ ಕಬ್ಬಿಣವನ್ನೋ ಕ್ಯಾಲ್ಸಿಯಂ ಅನ್ನೋ ನುಂಗಿದರೆ ಥೈರಾಯ್ಡ್ ಮಾತ್ರೆ ಮೈಗೆ ಹತ್ತಲ್ಲ, ನಾಲ್ಕು ಗಂಟೆ ಅಂತರ ಬೇಕು. ಎ, ಡಿ ವಿಟಮಿನ್ನು ಅತಿಯಾದರೆ ಮೈಯಲ್ಲೇ ಉಳಿದು ವಿಷವಾಗುತ್ತೆ. ಆದ್ದರಿಂದ ಏನೇ ನುಂಗುತ್ತಿದ್ದರೂ, ಟಾನಿಕ್ ಇರಲಿ, ನಾಟಿ ಔಷಧಿ ಇರಲಿ, ಡಾಕ್ಟರ ಮುಂದೆ ಬಾಯಿ ಬಿಟ್ಟು ಹೇಳಿ. ಬೈತಾರೆ ಅಂತ ಮುಚ್ಚಿಟ್ಟರೆ ನಷ್ಟ ನಮಗೇ.

ಮಾತ್ರೆ ಕೊಟ್ಟೆವು, ಸುಮ್ಮನಿರಿ ಅನ್ನುವ ಸರ್ಕಾರಕ್ಕೂ ಒಂದು ಮಾತು. ಮಾತ್ರೆ ಅನ್ನವಲ್ಲ. ಜಾರ್ಖಂಡಿನಲ್ಲಿ ಕ್ಷಯರೋಗಿಗಳ ಮನೆಯವರಿಗೆ ಅಕ್ಕಿ, ಬೇಳೆ, ವಿಟಮಿನ್ ಮಾತ್ರೆ ಕೊಟ್ಟು ಪರೀಕ್ಷಿಸಿದರು. ರೋಗಿಗಳಿಗೆ ಔಷಧಿ ನಡೆದೇ ಇತ್ತು. ಆ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು ಶೇಕಡಾ 39ರಷ್ಟು ಕಡಿಮೆಯಾಯಿತು ಅಂತ 2023ರಲ್ಲಿ ಪ್ರಕಟವಾಯಿತು. ಔಷಧಿಯ ಜೊತೆ ಅನ್ನ ಬೇಕು ಅಂತ ನಮ್ಮವ್ವಂದಿರಿಗೆ ಮೊದಲೇ ಗೊತ್ತಿತ್ತು. ಆದರೆ 2021ರ ಡಿಸೆಂಬರಿನಲ್ಲಿ ಉತ್ತರದ ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡಲು ಶುರುಮಾಡಿದಾಗ ಕೆಲವು ಮಠಾಧೀಶರು ಬೇಡ ಅಂದರು. ಬಿ12 ಇರುವುದು ಮೊಟ್ಟೆ, ಮಾಂಸ, ಮೀನು, ಹಾಲಿನಲ್ಲಿ, ಸೊಪ್ಪಿನಲ್ಲಲ್ಲ. ನಮ್ಮ ಗಂಗಳದ ಊಟವನ್ನು ಹೀನಾಯ ಮಾಡಿದವರು ನಮ್ಮ ರಕ್ತಕ್ಕೆ ಜವಾಬು ಕೊಡ್ತಾರಾ?

ಹಾಸ್ಟೆಲ್ ಗೆಳೆಯರೇ, ಈ ವಾರ ನೀಲಿ ಮಾತ್ರೆ ಬಂದಿಲ್ಲವಾದರೆ ವಾರ್ಡನ್ನರನ್ನು ಕೇಳಿ. ಪಟ್ಟಿಯಲ್ಲಿರುವ ಮೊಟ್ಟೆ, ಕಾಳು ತಟ್ಟೆಗೆ ಬರುತ್ತಿದೆಯಾ ನೋಡಿ, ಬರದಿದ್ದರೆ ಹತ್ತು ಜನ ಸಹಿ ಹಾಕಿ ಬರೆದು ಕೊಡಿ. ರಜಕ್ಕೆ ಊರಿಗೆ ಹೋದಾಗ ಎರಡು ವಾರ ದಾಟಿದ ಕೆಮ್ಮು ಯಾರಿಗಿದ್ದರೂ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದು ಕಫ ಪರೀಕ್ಷೆ ಮಾಡಿಸಿ. ಅದಕ್ಕೆ ಕಾಸು ಕೊಡಬೇಕಿಲ್ಲ. ರೋಗವಿದ್ದರೆ ಔಷಧಿ ಪುಕ್ಕಟೆ, ಊಟಕ್ಕೆ ಅಂತ ತಿಂಗಳಿಗೆ 500 ರೂಪಾಯಿ ಇದ್ದದ್ದು 2024ರ ನವೆಂಬರಿನಿಂದ 1000 ಆಗಿದೆ. ಅರ್ಜಿ ತುಂಬಲು ಬಾರದವರಿಗೆ ತುಂಬಿಕೊಡಿ, ಸರದಿಯಲ್ಲಿ ಜೊತೆಗೆ ನಿಲ್ಲಿ. ಓದು ಕಲಿತ ನಾವು ಇಷ್ಟನ್ನೂ ಮಾಡದಿದ್ದರೆ ಕೇರಿಗೆ ಆ ಹಳದಿ ಬಾಟಲಿಯೇ ಗತಿ.