ಬಾವಿಯ ಮದ್ದು, ಕೋರೆಯ ಮದ್ದು

ಗಂಗೊಳ್ಳಿಯ ಅಳಿವೆಗೂ ಘಟ್ಟದ ಮೇಲಿನ ನಗರಕ್ಕೂ ಹಳೆಯ ನಂಟು. ಕುಂದಾಪುರ, ಸಿದ್ದಾಪುರ, ಹೊಸಂಗಡಿ ದಾಟಿ ಬಾಳೆಬರೆ ಘಾಟಿ ಹತ್ತಿದರೆ ಸಿಗುವುದೇ ಹಿಂದಿನ ಬಿದನೂರು. 1763ರಲ್ಲಿ ಹೈದರಾಲಿ ಅದನ್ನು ಗೆದ್ದ. 1783ರಲ್ಲಿ ಜನರಲ್ ಮ್ಯಾಥ್ಯೂಸ್‌ನ ಇಂಗ್ಲಿಷ್ ಸೈನ್ಯ ನಮ್ಮ ಕರಾವಳಿಯಿಂದಲೇ ಘಟ್ಟ ಹತ್ತಿ ಅದನ್ನು ಹಿಡಿಯಿತು. ಕೆಲವೇ ತಿಂಗಳಲ್ಲಿ ಟಿಪ್ಪು ಅದನ್ನು ಮರಳಿ ಪಡೆದ.

ಆ ಕಾಲದ ಮದ್ದು 2018ರ ಜುಲೈ ತಿಂಗಳಲ್ಲಿ ಮೇಲೆ ಬಂತು. ನಗರದ ಒಂದು ಪಾಳುಬಾವಿಯ ಕೆಸರು ಮದ್ದಿನ ವಾಸನೆ ಹೊಡೆಯುತ್ತಿತ್ತು. ಪುರಾತತ್ವ ಇಲಾಖೆಯವರು ಮೂರು ದಿನ ಅಗೆದು ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್‌ಗಳನ್ನು ಎತ್ತಿದರು. ಒಂದೊಂದನ್ನೂ ಅಳೆದರು, ಲೆಕ್ಕವಿಟ್ಟರು. ಇನ್ನೂರು ವರ್ಷ ದಾಟಿದ ಮದ್ದಿಗೂ ಸಿಕ್ಕಿದ ಮರ್ಯಾದೆ ಅದು.

ನಾವು ಮಾಡಿದ್ದೇನು? ಟಿಪ್ಪು ವೀರನೋ ಕ್ರೂರಿಯೋ ಎಂಬ ಜಗಳಕ್ಕೆ ಇನ್ನಷ್ಟು ತುಪ್ಪ ಸುರಿದೆವು. ಒಂದು ಕಡೆಯವರು ಬೈದರು. ನಮ್ಮವರು ಎದೆ ತಟ್ಟಿಕೊಂಡರು. ನೆಲದಡಿ ಬಚ್ಚಿಟ್ಟ ಇವತ್ತಿನ ಮದ್ದು ಎಲ್ಲೆಲ್ಲಿದೆ ಎಂದು ಇಬ್ಬರೂ ಕೇಳಲಿಲ್ಲ.

ಆ ಪ್ರಶ್ನೆಗೆ ಉತ್ತರ ಹೆಣಗಳ ರೂಪದಲ್ಲಿ ಬಂತು. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹುಣಸೋಡಿನಲ್ಲಿ ಕಲ್ಲುಕೋರೆಗೆ ತಂದ ಸ್ಫೋಟಕ ಸಿಡಿದಾಗ, ಜಿಲ್ಲೆಯ ಜನ ಭೂಕಂಪವೆಂದು ಮನೆಯಿಂದ ಹೊರಗೆ ಓಡಿದರು. ಅದಾಗಿ ಒಂದು ತಿಂಗಳಲ್ಲಿ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿ. ಅಲ್ಲಿ ನಡೆದದ್ದು ಇನ್ನೂ ಘೋರ. ಪೊಲೀಸರಿಗೆ ಹೆದರಿ ಬಚ್ಚಿಟ್ಟಿದ್ದ ಜೆಲೆಟಿನ್ ಕಡ್ಡಿಗಳನ್ನು ನಡುರಾತ್ರಿ ಕಾಡಿಗೆ ಒಯ್ದು 'ವಿಲೇವಾರಿ' ಮಾಡಲು ಹೊರಟ ಆರು ಮಂದಿ ಛಿದ್ರವಾದರು.

ಅಕ್ರಮ ಮಾಡಿದವರು ಸತ್ತರು, ನಮಗೇನು ಎನ್ನುವವರಿದ್ದಾರೆ. ಸ್ವಾಮಿ, ಲಾಭ ಎಣಿಸುವವರು ನಡುರಾತ್ರಿ ಕಡ್ಡಿ ಹೊರುವುದಿಲ್ಲ. ಹೊರುವವರು ಸಂಬಳದಾಳುಗಳು. ಆ ಕಡ್ಡಿಗಳು ಸಿಡಿಯದೆ ಕಾಡು ಸೇರಿದ್ದರೆ ನಾಳೆ ಸಾಯುತ್ತಿದ್ದವರು ಸೌದೆಗೆ ಹೋದ ಹೆಂಗಸರು, ದನ ಕಾಯುವ ಮಕ್ಕಳು.

ಕಾನೂನಿಲ್ಲವೇ? 1884ರ ಸ್ಫೋಟಕ ಕಾಯ್ದೆಯಿದೆ, 2008ರ ನಿಯಮಾವಳಿಯಿದೆ, ನಾಗಪುರದಲ್ಲಿ ಕೇಂದ್ರದ ಸ್ಫೋಟಕ ಸುರಕ್ಷತಾ ಸಂಸ್ಥೆಯಿದೆ. ಇಲ್ಲದಿರುವುದು ಹೆದರಿದವನು ಸತ್ಯ ಹೇಳಿ ಮದ್ದು ಒಪ್ಪಿಸಲು ಒಂದು ಬಾಗಿಲು. ದಾಳಿ ನಡೆಯುತ್ತದೆ, ಬೀಗ ಬೀಳುತ್ತದೆ, ಪೊದೆಯಡಿಯ ಪೆಟ್ಟಿಗೆ ಅಲ್ಲೇ ಉಳಿಯುತ್ತದೆ.

ಆದ್ದರಿಂದ ನಾವು ಕೇಳುವುದು ಮೂರೇ ಮಾತು. ಮುಚ್ಚಿದ ಪ್ರತಿ ಕೋರೆಯನ್ನೂ ತಜ್ಞರು ಶೋಧಿಸಲಿ. ಕೊಂಡ ಮದ್ದು, ಸಿಡಿಸಿದ ಮದ್ದು, ಉಳಿದ ಮದ್ದು ಎಷ್ಟೆಂದು ತಾಳೆಯಾಗುವ ತನಕ ಮಾಲೀಕನ ಠೇವಣಿ ಸರ್ಕಾರದಲ್ಲೇ ಇರಲಿ. ಬಚ್ಚಿಟ್ಟ ಜಾಗ ತೋರಿಸುವ ಕೂಲಿಯಾಳಿಗೆ ಕೇಸಿನ ಭಯ ಬೇಡ, ರಕ್ಷಣೆ ಸಿಗಲಿ.

ದಾರಿಯ ಮೇಲಿನ ಅಪಾಯವನ್ನು ಸರಿಸುವುದೂ ಈಮಾನಿನ ಒಂದು ಭಾಗವೆಂದು ಪ್ರವಾದಿಯವರು (ಸ) ಕಲಿಸಿದ್ದಾರೆ. ಮುಳ್ಳು ಕಂಡರೆ ಪಕ್ಕಕ್ಕಿಡುವ ನಾವು ಜೆಲೆಟಿನ್ ಕಂಡರೆ ಯಾಕೆ ಕಣ್ಣು ಮುಚ್ಚುತ್ತೇವೆ? ಘಟ್ಟದ ಕೋರೆಯಲ್ಲೂ ಕರಾವಳಿಯ ಕೋರೆಯಲ್ಲೂ ದುಡಿಯುವುದು ಎಲ್ಲ ಜಾತಿಯ ಬಡವರು. ತೋಟೆ ಸಿಡಿಸಿ ಹೊಳೆಯ ಮೀನು ಕೊಲ್ಲುವವರ ಬಗ್ಗೆಯೂ ನಮ್ಮ ಮಸೀದಿ, ದೇವಸ್ಥಾನ, ಪಂಚಾಯತ್‌ಗಳು ಬಾಯಿ ಬಿಡಬೇಕು.

ಟಿಪ್ಪುವಿನ ರಾಕೆಟ್‌ಗಳು ಇನ್ನು ಯಾರನ್ನೂ ಕೊಲ್ಲಲಾರವು. ಅವು ಯಾರ ಹೆಮ್ಮೆ ಎಂಬ ಜಗಳ ಇನ್ನೂ ನೂರು ವರ್ಷ ಕಾಯಬಹುದು. ಕೋರೆಯ ಮದ್ದು ಕಾಯುವುದಿಲ್ಲ.