ಮದ್ದಿಗೆ ಬಗ್ಗದ ರಕ್ತದೊತ್ತಡ

‘ಕುಣಿಯಲಾರದವಳು ನೆಲ ಡೊಂಕು ಎಂದಳು’ ಎಂಬುದು ನಮ್ಮ ಹಳೆಯ ಗಾದೆ. ರಕ್ತದೊತ್ತಡದ ವಿಷಯದಲ್ಲಿ ನಾವು ಅನೇಕ ವೇಳೆ ಹೀಗೆಯೇ ನಡೆದುಕೊಳ್ಳುತ್ತೇವೆ. ತಿಂಗಳುಗಟ್ಟಲೆ ಮಾತ್ರೆ ನುಂಗಿದರೂ ಒತ್ತಡ ಇಳಿಯದಿದ್ದರೆ, ‘ಇದು ಹಟಮಾರಿ ರೋಗ, ಯಾವ ಮದ್ದಿಗೂ ಬಗ್ಗದು’ ಎಂದು ಕೈಚೆಲ್ಲಿ ಕೂಡುತ್ತೇವೆ. ಹಾಗೆ ಕೈಚೆಲ್ಲುವ ಮುನ್ನ, ನಿಜವಾಗಿಯೂ ಬಗ್ಗದ ಒತ್ತಡ ಎಷ್ಟು ಜನರಲ್ಲಿದೆ ಎಂದು ವಿಚಾರಿಸುವುದು ಲೇಸು. ಕಲಾ ವಿಭಾಗದವರಾದ ನಮಗೆ ವೈದ್ಯಶಾಸ್ತ್ರದ ಗೊಡವೆಯೇಕೆ ಎಂದು ಯಾರಾದರೂ ಕೇಳಬಹುದು. ತಂದೆತಾಯಿಗಳ ಮಾತ್ರೆಯ ಡಬ್ಬಿ ನಮ್ಮ ಮನೆಯಲ್ಲಿಯೇ ಇರುವಾಗ ಈ ಪ್ರಶ್ನೆಗೆ ಬೇರೆ ಉತ್ತರ ಬೇಕಿಲ್ಲ.

ವೈದ್ಯರು ಈ ಹೆಸರನ್ನು ಸುಮ್ಮನೆ ಕೊಡುವುದಿಲ್ಲ. ಬೇರೆ ಬೇರೆ ವರ್ಗಗಳಿಗೆ ಸೇರಿದ ಮೂರು ಔಷಧಿಗಳನ್ನು ತಕ್ಕ ಪ್ರಮಾಣದಲ್ಲಿ ಸೇವಿಸಿದರೂ ಒತ್ತಡ ಇಳಿಯದಿರಬೇಕು. ಆ ಮೂರರಲ್ಲಿ ಒಂದು, ಮೂತ್ರವನ್ನು ಹೆಚ್ಚಿಸಿ ದೇಹದ ಉಪ್ಪುನೀರನ್ನು ಕಳೆಯುವ ಔಷಧಿಯಾಗಿರಬೇಕು. ಇಲ್ಲವೆ, ನಾಲ್ಕು ಅಥವಾ ಹೆಚ್ಚು ಔಷಧಿಗಳಿಂದ ಮಾತ್ರ ಅದು ಹತೋಟಿಗೆ ಬರುವಂತಿರಬೇಕು. ಆಗ ಅದು ಬಗ್ಗದ ಒತ್ತಡವೆನಿಸುತ್ತದೆ.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯ 2003ರಿಂದ 2008ರವರೆಗಿನ ಅಂಕಿಗಳಂತೆ, ರಕ್ತದೊತ್ತಡವುಳ್ಳ ವಯಸ್ಕರಲ್ಲಿ ಶೇಕಡ 8.9 ಮಂದಿ ಈ ಗುಂಪಿಗೆ ಸೇರಿದ್ದರು. ಔಷಧಿ ಸೇವಿಸುತ್ತಿದ್ದವರನ್ನು ಮಾತ್ರ ಎಣಿಸಿದರೆ ಶೇಕಡ 12.8 ಮಂದಿ. ಸ್ಪೇನ್ ದೇಶದಲ್ಲಿ ಚಿಕಿತ್ಸೆಯಲ್ಲಿದ್ದ ಸುಮಾರು 68 ಸಾವಿರ ರೋಗಿಗಳ ದಾಖಲೆಗಳು 2011ರಲ್ಲಿ ಪ್ರಕಟವಾದವು. ಅಲ್ಲಿಯೂ ಶೇಕಡ 12ರಷ್ಟು ಮಂದಿ ಬಗ್ಗದವರೆಂದೇ ಕಂಡರು. ಆದರೆ ಅವರ ತೋಳಿಗೆ ಯಂತ್ರ ಕಟ್ಟಿ ಹಗಲಿರುಳು 24 ಗಂಟೆ ಅಳೆದಾಗ, ಅವರಲ್ಲಿ ಶೇಕಡ 37.5 ಮಂದಿಯ ಒತ್ತಡ ಹತೋಟಿಯಲ್ಲಿಯೇ ಇತ್ತು! ವೈದ್ಯರ ಬಿಳಿಯ ಕೋಟನ್ನು ಕಂಡಾಗ ಮಾತ್ರ ಅದು ಏರುತ್ತಿತ್ತು.

ಮೋಸಗೊಳಿಸುವ ಕಾರಣಗಳು ಇನ್ನೂ ಇವೆ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಅಳತೆ ಹೆಚ್ಚು ತೋರುತ್ತದೆ. ಕೀಲುನೋವಿಗೆ ನುಂಗುವ ಕೆಲವು ಮಾತ್ರೆಗಳು ಒತ್ತಡವನ್ನು ಏರಿಸುತ್ತವೆ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದರೆ, ನಮ್ಮ ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳು ಆ ಲೆಕ್ಕವನ್ನು ಕೇಳುವುದೇ ಇಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಬರೆದುಕೊಟ್ಟ ಮಾತ್ರೆಗಳೆಲ್ಲ ಹೊಟ್ಟೆ ಸೇರುವುದಿಲ್ಲ.

ಹಾಗೆಂದು ರೋಗಿಯನ್ನೇ ದೂರುವುದು ಅನ್ಯಾಯ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಭಾರತದಲ್ಲಿ 15 ವರ್ಷ ಮೀರಿದ ಹೆಂಗಸರಲ್ಲಿ ಶೇಕಡ 21.3 ಮಂದಿಗೆ, ಗಂಡಸರಲ್ಲಿ ಶೇಕಡ 24 ಮಂದಿಗೆ ರಕ್ತದೊತ್ತಡ ಹೆಚ್ಚಾಗಿತ್ತು, ಇಲ್ಲವೆ ಅವರು ಅದಕ್ಕಾಗಿ ಔಷಧಿ ಸೇವಿಸುತ್ತಿದ್ದರು. ಇವರಲ್ಲಿ ಕೂಲಿಯವರಿದ್ದಾರೆ. ಮಾತ್ರೆ ತರಲು ಒಂದು ದಿನದ ಕೂಲಿ ಕಳೆದುಕೊಳ್ಳಬೇಕಾದವನು ಒಂದು ವಾರ ಮಾತ್ರೆ ಬಿಟ್ಟರೆ, ಬಗ್ಗದಿರುವುದು ಅವನ ರೋಗವೋ, ನಮ್ಮ ವ್ಯವಸ್ಥೆಯೋ? ಹೆಚ್ಚಿನ ಕಡೆಗಳಲ್ಲಿ ಬಗ್ಗಬೇಕಾದುದು ವ್ಯವಸ್ಥೆಯೇ ಎಂಬುದು ನನ್ನ ಅಭಿಪ್ರಾಯ. ಮಾತ್ರೆ ರೋಗಿಯ ಊರಿಗೆ ಬರಬೇಕು. ಒಂದು ಸಲಕ್ಕೆ ಒಂದೆರಡು ತಿಂಗಳಿಗಾಗುವಷ್ಟು ದೊರೆಯಬೇಕು.

ಇಷ್ಟೆಲ್ಲ ಸರಿಪಡಿಸಿದ ಮೇಲೂ ಕೆಲವರ ಒತ್ತಡ ನಿಜವಾಗಿಯೇ ಬಗ್ಗುವುದಿಲ್ಲ. ಮೂತ್ರಪಿಂಡದ ದೋಷ, ಅದರ ಮೇಲಿರುವ ಗ್ರಂಥಿಯ ದೋಷ, ನಿದ್ರೆಯಲ್ಲಿ ಉಸಿರು ಕಟ್ಟುವ ರೋಗ ಇವುಗಳಲ್ಲಿ ಯಾವುದಾದರೂ ಅವರಲ್ಲಿ ಅಡಗಿರಬಹುದು. ಪಾರ್ಶ್ವವಾಯು, ಹೃದಯಾಘಾತಗಳ ಭಯ ಇಂಥವರಿಗೇ ಹೆಚ್ಚು. ಇವರನ್ನು ‘ಮಾತ್ರೆ ಕದಿಯುತ್ತೀರಿ’ ಎಂದು ಗದರಿಸುವುದು ಕ್ರೌರ್ಯವೇ ಸರಿ. ಇವರಿಗೂ ದಾರಿಯಿದೆ. ಬ್ರಿಟನ್ನಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಸ್ಪಿರೊನೊಲ್ಯಾಕ್ಟೋನ್ ಎಂಬ ಹಳೆಯ ಔಷಧಿಯೇ, ನಾಲ್ಕನೆಯದಾಗಿ ಸೇರಿಸಿದಾಗ, ಉಳಿದವುಗಳಿಗಿಂತ ಚೆನ್ನಾಗಿ ಫಲ ಕೊಟ್ಟಿತು.

ವಿದ್ಯಾರ್ಥಿ ಮಿತ್ರರೇ, ಈ ರಜೆಯಲ್ಲಿ ಊರಿಗೆ ಹೋದಾಗ ಡಬ್ಬಿಯಲ್ಲಿ ಉಳಿದ ಮಾತ್ರೆಗಳನ್ನು ಒಮ್ಮೆ ಎಣಿಸಿರಿ. ಹೆಚ್ಚು ಉಳಿದಿದ್ದರೆ ಗದರಬೇಡಿ; ಏಕೆಂದು ಪ್ರೀತಿಯಿಂದ ಕೇಳಿರಿ. ಐದು ನಿಮಿಷ ಸುಮ್ಮನೆ ಕೂರಿಸಿ, ಬೆನ್ನಿಗೆ ಆಸರೆ ಕೊಟ್ಟು, ತೋಳನ್ನು ಎದೆಯ ಮಟ್ಟದಲ್ಲಿರಿಸಿ ಒತ್ತಡವನ್ನು ಅಳೆಯಿಸಿರಿ. ವೈದ್ಯರನ್ನು ಕೇಳದೆ ಯಾವ ಮಾತ್ರೆಯನ್ನೂ ಬಿಡಿಸಬೇಡಿರಿ. ನೆಲ ಡೊಂಕೋ ಅಲ್ಲವೋ ಎಂಬುದು ಅನಂತರ ತಾನಾಗಿಯೇ ತಿಳಿಯುತ್ತದೆ.