ಸತ್ತ ಕಾಯಿಗೆ ಜೀವ ಕೊಡೋರು ಯಾರು?

"ಚೌಕಾಬಾರದ ನಿಯಮ ಹಿರಿಯರು ಮಾಡಿದ್ದು, ಮುಟ್ಟಬಾರದು" ಅನ್ನುವವರು ನಮ್ಮ ಸುತ್ತ ಬಹಳ ಜನ ಇದ್ದಾರೆ. ನಾವು ಒಪ್ಪಲ್ಲ. ಯಾವ ಹಿರಿಯರು, ಯಾವ ಊರಿನವರು? ಮದ್ದೂರು ಕಡೆಯಿಂದ ಬಂಡೂರಿಗೆ ಸೊಸೆಯಾಗಿ ಬಂದವರು ಜಗಲಿ ಮೇಲೆ ಕವಡೆ ಹಿಡಿದ ಕೂಡಲೇ ಎದುರಿನವರು ಕೇಳೋದು ಒಂದೇ ಮಾತು: "ನಿಮ್ ಕಡೆ ಹೆಂಗ್ ಆಡ್ತೀರಿ?" ಎರಡು ಕಾಯಿ ಸೇರಿ ಗಟ್ಟಿಯಾದರೆ ಒಂಟಿ ಕಾಯಿ ಅದನ್ನು ಕಡಿಯಬಹುದಾ? ಕಡಿದವರಿಗೆ ಇನ್ನೊಂದು ಆಟ ಉಂಟಾ? ಇದೆಲ್ಲ ತೀರ್ಮಾನ ಆದಮೇಲೇ ಕವಡೆ ಬೀಳೋದು. ಹಿರಿಯರು ಬಿಟ್ಟುಹೋಗಿದ್ದು ಈ ಕೇಳುವ ಅಭ್ಯಾಸವನ್ನ.

ನಾವು ಜಗಳ ತೆಗೆಯುತ್ತಿರುವುದು ಸಾವಿನ ನಿಯಮದ ಬಗ್ಗೆ. ಇಪ್ಪತ್ತೈದು ಮನೆ, ನಾಲ್ಕು ಕವಡೆ, ಒಬ್ಬರಿಗೆ ನಾಲ್ಕು ಕಾಯಿ. ಕಟ್ಟೆ ಮೇಲಿಲ್ಲದ ಕಾಯಿಯನ್ನು ಕಡಿದರೆ ಅದು ಮತ್ತೆ ಮೊದಲಿಂದ ಹೊರಡಬೇಕು. ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ. ದೊಡ್ಡವರಿಗೆ ಇದೇ ಮಜಾ. ಎಂಟು ವರ್ಷದ ಮಗುವಿಗೆ ಹಾಗಲ್ಲ. ಹಣ್ಣಾಗಲು ಎರಡೇ ಮನೆ ಇದ್ದ ಕಾಯಿ ಸತ್ತಿತು, ಕಡಿಯಲು ಯಾರೂ ಸಿಗುತ್ತಿಲ್ಲ, ಹೊರಗೇ ಗಾಣದೆತ್ತಿನ ಹಾಗೆ ಸುತ್ತು. ಆ ಮಗು ಎದ್ದು ಹೋಗುತ್ತೆ. ಎಲ್ಲಿಗೆ? ಅಪ್ಪನ ಫೋನಿಗೆ.

ಫೋನಿನಲ್ಲೂ ಸಾಯ್ತಾರೆ. ಆದರೆ ಅಲ್ಲಿ ಸತ್ತ ತಕ್ಷಣ ಒಂದು ಬಟನ್ ಬರುತ್ತೆ: ಮೂವತ್ತು ಸೆಕೆಂಡ್ ಜಾಹೀರಾತು ನೋಡು ಬದುಕ್ತೀಯ, ಇಲ್ಲ ಕಾಸು ಕೊಡು. ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ನಿಷೇಧಿಸಿತು, ಒಳ್ಳೆಯದಾಯ್ತು. ಜೀವ ಮಾರುವ ಆಟ ಪಣದ ಆಟವಲ್ಲವಲ್ಲ, ಅದು ಆರಾಮಾಗಿ ನಡೀತಿದೆ. ಅಲ್ಲಿ ಸಾವಿನ ನಿಯಮ ಬರೆಯೋದು ಕಂಪನಿ. ಮಗುವನ್ನ ಯಾರೂ ಕೇಳಿಲ್ಲ.

ಹೊರದೇಶದ ಒಂದು ಉದಾಹರಣೆ ಹೇಳ್ತೀವಿ. ಅಮೆರಿಕದಲ್ಲಿ 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಅಂತ ಒಂದು ಆಟ ತಂದರು. ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರ ಹಿಡಿದು, ದಾಳ ಹಾಕುತ್ತಾ ಕಥೆ ನಡೆಸುವ ಆಟ. ಬಯಲಾಟದಲ್ಲಿ ರಾಕ್ಷಸನ ಪಾತ್ರಧಾರಿ ದಾಳ ಹಾಕಿ ಸಾಯೋದೋ ಬದುಕೋದೋ ನೋಡಿದ ಹಾಗೆ ಅಂದುಕೊಳ್ಳಿ. ಮೊದಲ ನಿಯಮದಲ್ಲಿ ಪ್ರಾಣದ ಅಂಕ ಸೊನ್ನೆಯಾದರೆ ಪಾತ್ರ ಸತ್ತಂತೆ, ಮುಗೀತು. ತಿಂಗಳುಗಟ್ಟಲೆ ಬೆಳೆಸಿದ ಪಾತ್ರ ಒಂದು ದಾಳಕ್ಕೆ ಹೋದರೆ ಹೊಟ್ಟೆ ಉರಿಯಲ್ವಾ? ಆಡುವವರು ತಮ್ಮ ತಮ್ಮ ಮೇಜಿನಲ್ಲಿ ಸಡಿಲಿಸಿಕೊಂಡರು, ಪುಸ್ತಕವೂ ಬದಲಾಯ್ತು. 2014ರ ಆವೃತ್ತಿಯಲ್ಲಿ ಸೊನ್ನೆಗೆ ಬಿದ್ದವನು ಇಪ್ಪತ್ತು ಮುಖದ ದಾಳ ಹಾಕುತ್ತಾನೆ. ಹತ್ತು ಅಥವಾ ಹೆಚ್ಚು ಮೂರು ಸಲ ಬಿದ್ದರೆ ಜೀವ ಉಳೀತು, ಕಡಿಮೆ ಮೂರು ಸಲ ಬಿದ್ದರೆ ಹೋಯ್ತು. ಸಾವು ತೆಗೆದುಹಾಕಲಿಲ್ಲ, ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿದರು. ಆಟವೇನೂ ಕೆಡಲಿಲ್ಲ.

"ಸಾವಿನ ಹೆದರಿಕೆ ಇಲ್ಲದಿದ್ರೆ ಅದೆಂಥ ಆಟ?" ಅನ್ನೋ ಮಾತಲ್ಲಿ ಹುರುಳಿದೆ. ಆಡು-ಹುಲಿ ಆಟ ನೋಡಿ. ಮೂರು ಹುಲಿ, ಹದಿನೈದು ಆಡು. ಹುಲಿ ಹಾರಿ ತಿಂದ ಆಡು ವಾಪಸ್ ಬರಲ್ಲ, ಹುಲಿಗಂತೂ ಸಾವೇ ಇಲ್ಲ, ಕಟ್ಟಿಹಾಕಬೇಕು ಅಷ್ಟೆ. ಇಲ್ಲಿ ತಿಂದ ಆಡನ್ನ ಬದುಕಿಸಿದರೆ ಹುಲಿ ಹಿಡಿದವನು ಆಡೋದಾದರೂ ಯಾಕೆ? (ಕುರಿಗೆ ಹೆಸರಾದ ಊರಿನವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಬಂಡೂರು ಕುರಿ ಸಂತೆಗೆ ಹೋದರೆ ವಾಪಸ್ ಬರುತ್ತಾ?)

ಹಾಗಾಗಿ ಸಾವು ಇರಲಿ. ಮೂರು ಸುತ್ತು ಹೊರಗೇ ತಿರುಗಿದ ಕಾಯಿಗೆ ಕಡಿಯದಿದ್ದರೂ ಒಳಗೆ ದಾರಿ ಕೊಡಿ. ಇಲ್ಲವೇ ಕಡಿಸಿಕೊಂಡ ಕಾಯಿಗೆ ಚೌಕವೋ ಬಾರವೋ ಬಿದ್ದರೆ ಅದೇ ಜಾಗದಿಂದ ಏಳೋ ಅವಕಾಶ ಇಡಿ. ಯಾವುದು ಬೇಕೋ ಆಡುವವರೇ ಆರಿಸಲಿ, ಆದರೆ ಮೊದಲ ಕವಡೆ ಬೀಳುವ ಮುಂಚೆ, ಎಲ್ಲರಿಗೂ ಒಂದೇ. ನಮಗೆ ಸಿಟ್ಟು ಬರೋದು ಆಟದ ನಡುವೆ, ಯಜಮಾನರ ಮಗ ಸೋಲುವಾಗ ಮಾತ್ರ "ಪಾಪ, ಮಗು, ಬಿಟ್ಬಿಡ್ರೋ" ಅನ್ನುವ ಸಡಿಲಿಕೆಗೆ. ಕೂಲಿಯವರ ಮಗಳ ಕಾಯಿ ಸತ್ತಾಗ ಆ ಪಾಪ ಎಲ್ಲಿಗೆ ಹೋಗಿತ್ತು?

ದಸರಾ ರಜೆಗೆ ಊರೂರಲ್ಲಿ ಗ್ರಾಮೀಣ ಕ್ರೀಡೆ ಅಂತ ಚೌಕಾಬಾರ ಸ್ಪರ್ಧೆ ಇಡುವವರಿಗೆ ನಮ್ಮ ಬೇಡಿಕೆ ಇಷ್ಟೇ: ಮೈಕ್ ಹಿಡಿದು ಸಂಸ್ಕೃತಿ ಭಾಷಣ ಮಾಡೋ ಹತ್ತು ನಿಮಿಷದಲ್ಲಿ ಎರಡು ನಿಮಿಷ ಉಳಿಸಿ, ಆಡಲು ಕೂತ ಮಕ್ಕಳನ್ನೇ ಕೇಳಿ, "ಕಾಯಿ ಸತ್ರೆ ಏನ್ ಮಾಡಣ?"